ಪಠ್ಯಸಾಮಗ್ರಿಯ ಖರ್ಚನ್ನು ಕಾಲೇಜು ಮೊದಲೇ ತಿಳಿಸಬೇಕೆಂದು ಕೇಳಬಹುದೇ?

ಪ್ರಶ್ನೆ (ಪಾಲಕರು, ಮುದ್ದೇಬಿಹಾಳ): ನನ್ನ ಮಗಳು ಈ ವರ್ಷ ವಿಜಯಪುರದ ಒಂದು ಕಾಲೇಜಿನಲ್ಲಿ ಬಿ.ಎಸ್ಸಿ.ಗೆ ಸೇರಿದ್ದಾಳೆ. ಶುಲ್ಕದ ಪಟ್ಟಿಯನ್ನು ಪ್ರವೇಶದ ವೇಳೆಗೇ ಕೊಟ್ಟಿದ್ದರು; ಆದರೆ ತರಗತಿಗಳು ಆರಂಭವಾದ ಮೇಲೆ ಪಠ್ಯಪುಸ್ತಕ, ರೆಕಾರ್ಡ್ ಬುಕ್, ಏಪ್ರನ್, ಝೆರಾಕ್ಸ್ ನೋಟ್ಸ್ ಎಂದು ಖರ್ಚು ಒಂದೊಂದಾಗಿ ಬರುತ್ತಿದೆ. ಇದನ್ನು ಮೊದಲೇ ತಿಳಿಸಿ ಎಂದು ಕಾಲೇಜನ್ನು ಕೇಳಬಹುದೇ, ಸರ್?

ಉತ್ತರ (ಗ್ರಂಥಪಾಲಕರು, ಪದವಿ ಕಾಲೇಜು): ಅವಶ್ಯವಾಗಿ ಕೇಳಿರಿ. ಆದರೆ ಒಟ್ಟು ಎಷ್ಟಾಗುತ್ತದೆ ಎಂದಷ್ಟೇ ಕೇಳಿದರೆ ಯಾವುದೋ ಅಂದಾಜು ಹೇಳಿ ಕಳುಹಿಸುತ್ತಾರೆ. ವಿಶ್ವವಿದ್ಯಾಲಯದ ಪಠ್ಯಕ್ರಮದಲ್ಲಿ ಪ್ರತಿ ಪತ್ರಿಕೆಯ ಕೊನೆಗೆ ಹಲವು ಪುಸ್ತಕಗಳ ಹೆಸರಿರುತ್ತವೆ. ಅವುಗಳಲ್ಲಿ ಕೊಳ್ಳಲೇಬೇಕಾದದ್ದು ಯಾವುದು, ಗ್ರಂಥಾಲಯದಲ್ಲಿ ಕುಳಿತು ಓದಿದರೆ ಸಾಕಾಗುವುದು ಯಾವುದು ಎಂಬುದನ್ನು ಪಾಠ ಮಾಡುವವರೇ ಗುರುತು ಮಾಡಿ ಕೊಡಬೇಕೆಂದು ವಿಭಾಗದ ಮುಖ್ಯಸ್ಥರಿಗೆ ಲಿಖಿತವಾಗಿ ಕೇಳಿರಿ. ನನ್ನ ಅನುಭವದಲ್ಲಿ, ಈ ಗುರುತು ಬಿದ್ದೊಡನೆ ಪಟ್ಟಿ ಅರ್ಧಕ್ಕಿಂತ ಕಡಿಮೆಯಾಗುತ್ತದೆ. ರೆಕಾರ್ಡ್ ಬುಕ್ ಮತ್ತು ಏಪ್ರನ್‌ಗಳನ್ನು ಹೊರಗಿನ ಅಂಗಡಿಯಲ್ಲಿ ಕೊಂಡರೂ ನಡೆಯುತ್ತದೆಯೇ ಎಂಬುದನ್ನೂ ಅದರಲ್ಲಿಯೇ ಕೇಳಿರಿ, ಏಕೆಂದರೆ ಅದನ್ನು ಯಾರೂ ತಾವಾಗಿ ಹೇಳುವುದಿಲ್ಲ.

ಅಮೆರಿಕದಲ್ಲಿ 2008ರ ಉನ್ನತ ಶಿಕ್ಷಣ ಅವಕಾಶ ಕಾಯ್ದೆಯ ಪ್ರಕಾರ, ಕೇಂದ್ರ ಸರ್ಕಾರದ ನೆರವು ಪಡೆಯುವ ಕಾಲೇಜುಗಳು 2010ರ ಜುಲೈಯಿಂದ ವಿಷಯಗಳ ವೇಳಾಪಟ್ಟಿಯಲ್ಲಿಯೇ ಪುಸ್ತಕವನ್ನೂ ಅದರ ಆವೃತ್ತಿಯನ್ನೂ ಗುರುತಿಸುವ ಐಎಸ್‌ಬಿಎನ್ ಸಂಖ್ಯೆಯನ್ನೂ ಬೆಲೆಯನ್ನೂ ಸಾಧ್ಯವಾದಮಟ್ಟಿಗೆ ಪ್ರಕಟಿಸಬೇಕಾಗಿದೆ. ಹೀಗಾಗಿ ವಿದ್ಯಾರ್ಥಿಯು ವಿಷಯವನ್ನು ಆಯ್ದುಕೊಳ್ಳುವ ಮೊದಲೇ ಖರ್ಚನ್ನು ತಿಳಿಯುತ್ತಾನೆ. ನಮ್ಮ ವಿಭಾಗಗಳು ಕಾಯ್ದೆಯ ದಾರಿ ನೋಡದೆ ಒಂದೇ ಹಾಳೆಯಲ್ಲಿ ಇದನ್ನು ಬರೆದು ಸೂಚನಾ ಫಲಕಕ್ಕೆ ಹಚ್ಚಬಹುದು.

ಪ್ರಶ್ನೆ (ಉಪನ್ಯಾಸಕರು, ಬಾಗಲಕೋಟೆ): ಬೆಲೆ ಬದಲಾಗುತ್ತಲೇ ಇರುತ್ತದೆ, ಪ್ರಕಾಶಕರು ಹೊಸ ಆವೃತ್ತಿಗಳನ್ನು ತರುತ್ತಲೇ ಇರುತ್ತಾರೆ. ನಾವು ಬರೆದದ್ದು ತಪ್ಪಾದರೆ ಪಾಲಕರು ನಮ್ಮನ್ನೇ ಹೊಣೆ ಮಾಡುವುದಿಲ್ಲವೇ?

ಉತ್ತರ: ಬೆಲೆಯ ಪಕ್ಕದಲ್ಲಿ ಅದನ್ನು ನೋಡಿದ ದಿನಾಂಕವನ್ನು ಬರೆದರೆ ಆ ಭಯವಿಲ್ಲ, ಸರ್. ಬೆಲೆಗಿಂತಲೂ ಮುಖ್ಯವಾದುದು ಆವೃತ್ತಿಯ ವಿಷಯ. ಹಿಂದಿನ ಆವೃತ್ತಿಯೂ ನಡೆಯುತ್ತದೆ ಎಂದು ನೀವು ಸ್ಪಷ್ಟವಾಗಿ ಬರೆದರೆ ವಿದ್ಯಾರ್ಥಿಯು ಹಿರಿಯ ವಿದ್ಯಾರ್ಥಿಗಳ ಬಳಿ ಹಳೆಯ ಪ್ರತಿಯನ್ನು ಧೈರ್ಯವಾಗಿ ಕೊಳ್ಳುತ್ತಾನೆ. ಬರೆಯದಿದ್ದರೆ, ಅಧ್ಯಾಯಗಳ ಕ್ರಮವಷ್ಟೇ ಬದಲಾದ ಹೊಸ ಪ್ರತಿಗೆ ಪೂರ್ತಿ ಹಣ ತೆರುತ್ತಾನೆ. ಗ್ರಂಥಾಲಯದಲ್ಲಿ ಎಷ್ಟು ಪ್ರತಿಗಳಿವೆ, ಪುಸ್ತಕಗಳನ್ನು ಎರವಲು ಕೊಡುವ ಪುಸ್ತಕ ಬ್ಯಾಂಕಿನಿಂದ ಸಿಗುತ್ತದೆಯೇ ಎಂಬ ಕಾಲಮನ್ನು ನಮ್ಮಂಥ ಗ್ರಂಥಪಾಲಕರು ತುಂಬಿಕೊಡಬೇಕು. ಪರಿಶಿಷ್ಟ ಜಾತಿ ಮತ್ತು ಪಂಗಡದ ವಿದ್ಯಾರ್ಥಿಗಳಿಗೆಂದೇ ಪುಸ್ತಕ ಬ್ಯಾಂಕ್ ಇರುವಲ್ಲಿಯೂ ಅದು ತಿಳಿಯದೆ ಅಂಗಡಿಗೆ ಹೋಗುವವರಿದ್ದಾರೆ. ಎನ್-ಲಿಸ್ಟ್ (ಕಾಲೇಜುಗಳಿಗೆ ಇ-ಪುಸ್ತಕ, ಇ-ಪತ್ರಿಕೆಗಳನ್ನು ಒದಗಿಸುವ ಯೋಜನೆ) ಸದಸ್ಯತ್ವವಿರುವ ಕಾಲೇಜಾದರೆ ಇ-ಪುಸ್ತಕಗಳಿಗೆ ಬೇಕಾದ ಲಾಗಿನ್ ಅನ್ನು ಗ್ರಂಥಾಲಯದಲ್ಲಿ ಕೇಳಿ ಪಡೆಯಬೇಕೆಂಬುದನ್ನೂ ಅದೇ ಹಾಳೆಯ ಕೆಳಗೆ ನಮೂದಿಸಿರಿ.