ಆರ್ಗ್ಯಾನಿಕ್ ಕೆಮಿಸ್ಟ್ರಿಯಲ್ಲಿ ಸಿ ಬಂತು, ಮೆಡಿಕಲ್ ಸ್ಕೂಲ್ ಆಸೆ ಬಿಡಬೇಕಾ?

ಎರಡನೇ ವರ್ಷದವಳು:

ಎಲ್ಲರಿಗೂ ನಮಸ್ಕಾರ. ನಾನು ಅಮೆರಿಕದ ಒಂದು ಸ್ಟೇಟ್ ಯೂನಿವರ್ಸಿಟಿಯಲ್ಲಿ ಎರಡನೇ ವರ್ಷ ಓದ್ತಿದೀನಿ, ಬಯಾಲಜಿ ಮೇಜರ್. ಒಂಬತ್ತನೇ ಕ್ಲಾಸಿಗೆ ಅಪ್ಪ ಅಮ್ಮನ ಜೊತೆ ಬಂದೆ, ಗ್ರೀನ್ ಕಾರ್ಡ್ ಇದೆ. ಅಜ್ಜಿಯನ್ನ ಡಯಾಲಿಸಿಸ್‌ಗೆ ಕರ್ಕೊಂಡು ಹೋಗ್ತಿದ್ದ ಎರಡು ವರ್ಷದಲ್ಲಿ ಈ ಆಸೆ ಹುಟ್ಟಿದ್ದು. ಮಷಿನ್ ಕೂಗಿದಾಗೆಲ್ಲ ಅಜ್ಜಿ ನನ್ನ ಮುಖ ನೋಡೋರು, ನಾನು ಟೆಕ್ನಿಷಿಯನ್ ಮುಖ ನೋಡೋಳು.

ಮೂರು ಸೆಮಿಸ್ಟರ್ ಮುಗೀತು. 45 ಕ್ರೆಡಿಟ್, ಜಿಪಿಎ 4ಕ್ಕೆ 3.52. ಕಳೆದ ಸೆಮಿಸ್ಟರ್ ಆರ್ಗ್ಯಾನಿಕ್ ಕೆಮಿಸ್ಟ್ರಿಯ ಮೊದಲ ಭಾಗ, ಆರ್ಗೋ 1ರಲ್ಲಿ ಸಿ ಬಂತು, ಲ್ಯಾಬ್ ಸೇರಿ ನಾಲ್ಕು ಕ್ರೆಡಿಟ್. ರಾತ್ರಿಯೆಲ್ಲ ಕೂತು ಓದಿದೀನಿ, ಎಲ್ಲಾ ರಿಯಾಕ್ಷನ್‌ಗೂ ಕಾರ್ಡ್ ಬರೆದು ಬಾಯಿಪಾಠ ಮಾಡಿದೀನಿ, ಆದರೂ ಹೀಗಾಯ್ತು. ಆರ್ಗೋ 2 ಶುರುವಾಗಿ ಎರಡು ವಾರ ಆಯ್ತು.

ಆರ್ಗೋ 1 ಮತ್ತೆ ತಗೋಬೇಕಾ? ಅಪ್ಪ ಈ ಬೇಸಿಗೆಯಲ್ಲೇ ಎಂಕ್ಯಾಟ್ (ಮೆಡಿಕಲ್ ಸ್ಕೂಲ್ ಪ್ರವೇಶ ಪರೀಕ್ಷೆ) ಒಂದು ಸಲ ಬರೆದು ನೋಡು ಅಂತಾರೆ, ಬರೀಲಾ? ಮತ್ತೆ ನನ್ನ ಹತ್ತಿರ ಇರೋದು ಚಿಕ್ಕಪ್ಪನ ಕ್ಲಿನಿಕ್‌ನಲ್ಲಿ ಮೂವತ್ತು ಗಂಟೆ ಶ್ಯಾಡೋಯಿಂಗ್, ಅಂದರೆ ಡಾಕ್ಟರ್ ಜೊತೆ ನಿಂತು ನೋಡಿದ್ದು, ಅಷ್ಟೇ. ರೂಮ್‌ಮೇಟ್ ಸಾವಿರ ಗಂಟೆ ಬೇಕು ಅಂತಾಳೆ. ಅಡ್ವೈಸರ್ ಹತ್ತಿರ ಹೋದರೆ ಇಪ್ಪತ್ತು ನಿಮಿಷದಲ್ಲಿ ಒಂದು ಹಾಳೆ ಕೈಗಿಟ್ಟು ಕಳಿಸಿದರು. ಗೊತ್ತಿರೋರು ದಯವಿಟ್ಟು ಹೇಳಿ.

ನೈಟ್‌ಶಿಫ್ಟ್:

ತಂಗಿ ಅಂತಲೇ ಬರೀತೀನಿ. ನಾನೀಗ ಮೆಡಿಕಲ್ ಸ್ಕೂಲ್ ಮೂರನೇ ವರ್ಷ. ಮೊದಲ ಸಲ ಅರ್ಜಿ ಹಾಕಿದಾಗ ಒಂದು ಸೀಟೂ ಸಿಗಲಿಲ್ಲ, ಎರಡನೇ ಸಲ ಸಿಕ್ತು. ಹಾಗಾಗಿ ಸ್ವಲ್ಪ ಉದ್ದಕ್ಕೇ ಬರೀತೀನಿ, ಸಾವಧಾನವಾಗಿ ಓದು.

ಮೊದಲು ಆ ಸಿ. ಬಹುತೇಕ ಸ್ಕೂಲ್‌ಗಳಿಗೆ ಪ್ರೀರಿಕ್ವಿಸಿಟ್‌ಗೆ, ಅಂದರೆ ಮೊದಲೇ ಮಾಡಿರಲೇಬೇಕಾದ ಕೋರ್ಸಿಗೆ, ಸಿ ಇದ್ದರೆ ಸಾಕು. ಸಿ ಮೈನಸ್ ಆಗಿದ್ದರೆ ಮತ್ತೆ ತಗೋ ಅಂತಿದ್ದೆ. ನಿನ್ನ ಯೂನಿವರ್ಸಿಟಿಯಲ್ಲಿ ಹಳೇ ಗ್ರೇಡ್ ಅಳಿಸಿ ಹೊಸದು ಹಾಕೋ ನಿಯಮ ಇರಬಹುದು, ಅದನ್ನ ನಂಬ್ಕೊಂಡು ಕೂರಬೇಡ. ಎಂಡಿ (ಇಲ್ಲಿ ಡಾಕ್ಟರ್ ಆಗೋ ಮಾಮೂಲಿ ಡಿಗ್ರಿ) ಸ್ಕೂಲ್‌ಗಳಿಗೆ ಅರ್ಜಿ ಹೋಗೋ ಆಮ್‌ಕ್ಯಾಸ್‌ನಲ್ಲಿ ಎರಡೂ ಗ್ರೇಡ್ ಲೆಕ್ಕಕ್ಕೆ ಬರುತ್ತೆ. ಡಿಓ (ಆಸ್ಟಿಯೋಪತಿ ಡಿಗ್ರಿ, ಅವರೂ ಡಾಕ್ಟರೇ) ಸ್ಕೂಲ್‌ಗಳ ಅರ್ಜಿಯಲ್ಲಿ ಮೊದಲು ಹೊಸ ಗ್ರೇಡ್ ಒಂದನ್ನೇ ಹಿಡೀತಿದ್ದರು, 2017ರಲ್ಲಿ ಅದೂ ನಿಂತುಹೋಯ್ತು.

ಈಗ ಒಂದು ಕಾಗದ ತಗೊಂಡು ಲೆಕ್ಕ ಹಾಕು. 45 ಕ್ರೆಡಿಟ್‌ಗೆ 3.52. ಆರ್ಗೋ 1 ಮತ್ತೆ ತಗೊಂಡು ಎ ತಂದರೆ 49 ಕ್ರೆಡಿಟ್‌ಗೆ 3.56 ಆಗುತ್ತೆ. ಅದೇ ನಾಲ್ಕು ಕ್ರೆಡಿಟ್‌ನ ಬೇರೆ ಯಾವ ಕೋರ್ಸಿನಲ್ಲಿ ಎ ತಂದರೂ ಅಷ್ಟೇ, 3.56. ಅಂದಮೇಲೆ ಹಳೇದನ್ನ ಇನ್ನೊಂದು ಸಲ ಯಾಕೆ ಓದಬೇಕು? ಆರ್ಗೋ 2 ಚೆನ್ನಾಗಿ ಮಾಡು, ಬಯೋಕೆಮಿಸ್ಟ್ರಿ ಇನ್ನೂ ಚೆನ್ನಾಗಿ ಮಾಡು. ಉಳಿದ 75 ಕ್ರೆಡಿಟ್‌ನಲ್ಲಿ 3.8 ಹಿಡಿದರೆ ಡಿಗ್ರಿ ಮುಗಿಯೋ ಹೊತ್ತಿಗೆ 3.7ರ ಹತ್ತಿರ ಬರ್ತೀಯ. ಬಯಾಲಜಿ, ಕೆಮಿಸ್ಟ್ರಿ, ಫಿಸಿಕ್ಸ್, ಮ್ಯಾಥ್ಸ್ ಸೇರಿಸಿ ಬೇರೆ ಜಿಪಿಎ ತೆಗೀತಾರೆ, ಅದರ ಮೇಲೂ ಕಣ್ಣಿರಲಿ. ಕೆಳಗಿಂದ ಮೇಲೆ ಬರ್ತಿರೋ ಗ್ರೇಡುಗಳನ್ನ ಅವರು ಗಮನಿಸೇ ಗಮನಿಸ್ತಾರೆ.

ಆದರೆ ನನಗೆ ಸಿಗಿಂತ ಹೆಚ್ಚು ಚಿಂತೆ ಆಗಿದ್ದು ನೀನು ಬರೆದ "ಬಾಯಿಪಾಠ" ಅನ್ನೋ ಮಾತು ಓದಿ. ನಾನೂ ಹಾಗೇ ಓದಿ ಕೆಟ್ಟೆ. ಆರ್ಗೋದಲ್ಲಿ ನೆನಪಿಡಬೇಕಾದ್ದು ಎಲೆಕ್ಟ್ರಾನ್ ಎಲ್ಲಿಂದ ಎಲ್ಲಿಗೆ ಹೋಗುತ್ತೆ ಅಂತ ತೋರಿಸೋ ಬಾಣ. ಎಲೆಕ್ಟ್ರಾನ್ ಎಲ್ಲಿ ಜಾಸ್ತಿ ಇದೆ, ಎಲ್ಲಿಗೆ ಹೋಗೋಕೆ ಜಾಗ ಇದೆ, ಅದಷ್ಟೇ. ಕಾರ್ಡ್‌ನಲ್ಲಿ ಎಸ್‌ಎನ್2 (ಒಂದು ಗುಂಪು ಹಿಂದಿನಿಂದ ಬಂದು ಇನ್ನೊಂದನ್ನ ಹೊರದೂಡೋ ರಿಯಾಕ್ಷನ್) ಅಂತ ಬರ್ಕೊಂಡವಳಿಗೆ ಪರೀಕ್ಷೆಯಲ್ಲಿ ದಪ್ಪ ಗುಂಪು ಅಂಟಿಕೊಂಡ ಕಾರ್ಬನ್ ಕೊಟ್ಟರೆ ಕೈ ನಿಂತುಹೋಗುತ್ತೆ. ಬಾಣ ಬರೆದು ಕಲಿತವಳು ಹಿಂದಿನಿಂದ ಒಳಗೆ ಬರೋಕೆ ದಾರಿ ಇಲ್ಲ ಅಂತ ನೋಡಿದ ತಕ್ಷಣ ಹೇಳ್ತಾಳೆ. ನಾನು ಎರಡನೇ ಸೆಮಿಸ್ಟರ್ ಪೂರ್ತಿ ಖಾಲಿ ಹಾಳೆ ಇಟ್ಕೊಂಡು, ಪುಸ್ತಕ ಮುಚ್ಚಿ, ಒಂದೊಂದೇ ಮೆಕ್ಯಾನಿಸಂ ಮೊದಲಿಂದ ಕೊನೇವರೆಗೂ ಬರೀತಿದ್ದೆ. ಎಲ್ಲಿ ಪೆನ್ ನಿಲ್ಲುತ್ತೋ ಅಲ್ಲಿ ನನಗೆ ಗೊತ್ತಿಲ್ಲ ಅಂತ ಅರ್ಥ. ಕಳೆದ ಸೆಮಿಸ್ಟರ್‌ನ ಉತ್ತರ ಪತ್ರಿಕೆ ತಗೊಂಡು ಪ್ರೊಫೆಸರ್ ಹತ್ತಿರ ಆಫೀಸ್ ಅವರ್‌ಗೆ ಹೋಗು. ಮಾರ್ಕ್ ಕೇಳೋಕಲ್ಲ, ಎಲ್ಲಿ ತಪ್ಪಿದೆ ಅಂತ ಪ್ರತಿ ಪ್ರಶ್ನೆಗೂ ಕೇಳೋಕೆ. ಮುನ್ನೂರು ಜನರ ಕ್ಲಾಸಿನಲ್ಲಿ ನಾಳೆ ಶಿಫಾರಸು ಪತ್ರ ಬರೆಯೋ ಪ್ರೊಫೆಸರ್‌ಗೆ ನಿನ್ನ ಮುಖ ಪರಿಚಯ ಆಗೋದೂ ಹೀಗೇ.

ಎಂಕ್ಯಾಟ್ ಈ ಬೇಸಿಗೆಯಲ್ಲಿ ಖಂಡಿತ ಬೇಡ. ನೀನಿನ್ನೂ ಬಯೋಕೆಮಿಸ್ಟ್ರಿ ಮಾಡಿಲ್ಲ, ಸೈಕಾಲಜಿ ಸೋಶಿಯಾಲಜಿ ಮಾಡಿದೀಯೋ ಇಲ್ಲವೋ ಬರೆದಿಲ್ಲ. ನಾಲ್ಕು ಭಾಗ, 230 ಪ್ರಶ್ನೆ, ವಿರಾಮ ಎಲ್ಲಾ ಸೇರಿ ಏಳೂವರೆ ಗಂಟೆ. ಅಂಕ 472ರಿಂದ 528ರವರೆಗೆ. "ಬರೆದು ನೋಡೋಣ" ಅನ್ನೋ ಪರೀಕ್ಷೆ ಅಲ್ಲ ಅದು. ಒಂದು ಸಲ ಅಂಕ ಬಂತು ಅಂದರೆ ಆಮ್‌ಕ್ಯಾಸ್ ಮೂಲಕ ಪ್ರತಿ ಸ್ಕೂಲಿಗೂ ಕಾಣುತ್ತೆ, ಮುಚ್ಚಿಡೋಕಾಗಲ್ಲ. ಜೀವಮಾನದಲ್ಲಿ ಏಳು ಸಲ ಮಾತ್ರ ಬರೆಯಬಹುದು. ಅಪ್ಪನಿಗೆ ಸಮಾಧಾನ ಆಗ್ಬೇಕು ಅಂದರೆ ಎಂಕ್ಯಾಟ್ ನಡೆಸೋ ಎಎಎಂಸಿ ಸಂಸ್ಥೆಯ ಪ್ರಾಕ್ಟೀಸ್ ಪರೀಕ್ಷೆ ಒಂದನ್ನ ಮನೇಲೇ ಗಡಿಯಾರ ಇಟ್ಕೊಂಡು ಬರಿ, ಅದನ್ನ ತೋರಿಸು.

ಈಗಲೇ ಶುರು ಮಾಡಬಹುದಾದ್ದು ಅಂದರೆ ಎಂಕ್ಯಾಟ್‌ನ ಓದುವ ಭಾಗ, ಕಾರ್ಸ್. 90 ನಿಮಿಷ, ಒಂಬತ್ತು ಬರಹ, 53 ಪ್ರಶ್ನೆ. ವಿಜ್ಞಾನ ಅಲ್ಲ, ಇತಿಹಾಸ, ಕಲೆ, ತತ್ವಶಾಸ್ತ್ರ ಏನು ಬೇಕಾದರೂ ಬರುತ್ತೆ, ಉತ್ತರ ಮಾತ್ರ ಆ ಬರಹದೊಳಗೇ ಇರುತ್ತೆ. ನಮ್ಮಂಥ ಮನೆಯಲ್ಲಿ ಬೇರೆ ಭಾಷೆ ಮಾತಾಡೋರಿಗೆ ಇದು ಕೊನೆಯ ಮೂರು ತಿಂಗಳಲ್ಲಿ ಏರೋ ಅಂಕ ಅಲ್ಲ. ದಿನಾ ಅರ್ಧ ಗಂಟೆ ಕಷ್ಟದ ಲೇಖನ ಓದಿ, ಮುಚ್ಚಿಟ್ಟು, ಬರೆದವರು ಏನು ಒಪ್ತಾರೆ, ಯಾವುದನ್ನ ಒಪ್ಪಲ್ಲ ಅಂತ ಎರಡು ಸಾಲು ಬರಿ. ನಾನು ಕನ್ನಡದಲ್ಲೇ ಬರೀತಿದ್ದೆ. ಅರ್ಥ ಆಗದೆ ಕನ್ನಡಕ್ಕೆ ತರೋಕಾಗಲ್ಲ, ಅಲ್ಲೇ ಗೊತ್ತಾಗಿಬಿಡುತ್ತೆ.

ಗಂಟೆಗಳ ವಿಷಯ. ಚಿಕ್ಕಪ್ಪನ ಕ್ಲಿನಿಕ್ ಒಳ್ಳೇದೇ, ಆದರೆ ನಮ್ಮವರಲ್ಲದ ಒಬ್ಬಿಬ್ಬರು ಡಾಕ್ಟರ್ ಜೊತೆಯೂ ಇರು. ಅದಕ್ಕಿಂತ ಮುಖ್ಯ, ರೋಗಿಯನ್ನ ಮುಟ್ಟೋ ಕೆಲಸ ಒಂದು ಹಿಡಿ. ನಾನು ಸಿಎನ್‌ಎ, ಅಂದರೆ ನರ್ಸ್‌ಗೆ ಸಹಾಯಕಿ ಆದೆ. ತರಬೇತಿ ಫೆಡರಲ್ ನಿಯಮದ ಪ್ರಕಾರ ಕನಿಷ್ಠ 75 ಗಂಟೆ, ಕೆಲವು ರಾಜ್ಯದಲ್ಲಿ ಇನ್ನೂ ಹೆಚ್ಚು. ಆಮೇಲೆ ವಾರಕ್ಕೆ ಎರಡು ರಾತ್ರಿ ಕೆಲಸ.

ಮೊದಲ ತಿಂಗಳು ಪಾರ್ಶ್ವವಾಯು ಆದ ಹಿರಿಯರೊಬ್ಬರಿಗೆ ನೀರು ಕುಡಿಸಬೇಕಿತ್ತು. ತೆಳು ನೀರು ಕೊಡೋಹಾಗಿಲ್ಲ, ಶ್ವಾಸನಾಳಕ್ಕೆ ಹೋಗಿಬಿಡುತ್ತೆ. ಪುಡಿ ಬೆರೆಸಿ ಗಂಜಿಯ ಹಾಗೆ ಮಂದ ಮಾಡಿ ಚಮಚದಲ್ಲಿ ಕೊಡಬೇಕು. ನಾನು ನಿಂತೇ ಇದ್ದೆ, ಇನ್ನೂ ನಾಲ್ಕು ರೂಮ್ ಬಾಕಿ. ಎರಡನೇ ಚಮಚಕ್ಕೆ ಅವರು ಬಾಯಿ ಬಿಗಿ ಹಿಡಿದರು. ಮಾತು ನಿಂತುಹೋಗಿತ್ತು, ಹೇಳೋಕೆ ಅವರಿಗಿದ್ದದ್ದು ಅದೊಂದೇ ದಾರಿ. ನರ್ಸ್ ಬಂದು ಸ್ಟೂಲ್ ಎಳ್ಕೊಂಡು ಅವರ ಕಣ್ಣಿನ ಮಟ್ಟಕ್ಕೆ ಕೂತರು. "ಗಂಟಲು ನೋಡು, ಚಮಚ ನೋಡಬೇಡ" ಅಂದರು. ಗಂಟಲಮಣಿ ಮೇಲೆ ಹೋಗಿ ಕೆಳಗೆ ಬಂದು ನಿಂತ ಮೇಲೆ ಮುಂದಿನ ಚಮಚ. ಅರ್ಧ ಲೋಟಕ್ಕೆ ಇಪ್ಪತ್ತೈದು ನಿಮಿಷ ಹಿಡೀತು. ಅವತ್ತು ರಾತ್ರಿ ಬಸ್ಸಿನಲ್ಲಿ ಕೂತು ಐದು ಸಾಲು ಬರ್ಕೊಂಡೆ, ಹೆಸರು, ರೂಮ್ ನಂಬರ್ ಏನೂ ಇಲ್ಲದೆ. ಎರಡು ವರ್ಷ ಹಾಗೇ ಬರೆದೆ. ಆಮ್‌ಕ್ಯಾಸ್‌ನಲ್ಲಿ 15 ಚಟುವಟಿಕೆಗೆ ಜಾಗ, ಒಂದೊಂದಕ್ಕೆ 700 ಅಕ್ಷರ ಮಾತ್ರ. ಆ ನೋಟ್‌ಬುಕ್ ಇಲ್ಲದಿದ್ದರೆ ನನ್ನ ಹತ್ತಿರ ಬರೆಯೋಕೆ ಏನೂ ಇರ್ತಿರಲಿಲ್ಲ.

ಸಾವಿರ ಬೇಕಾ ಅಂದರೆ, ಅಂಥ ಗೆರೆ ಯಾರೂ ಎಳೆದಿಲ್ಲ. ವಾರಕ್ಕೆ ಆರು ಗಂಟೆಯಂತೆ ಎರಡು ವರ್ಷ ಬಿಡದೆ ಹೋದರೆ ಆರುನೂರು ದಾಟುತ್ತೆ.

ಕೊನೇದು, ಯಾವಾಗ ಅರ್ಜಿ. ನಾನು ಮೂರನೇ ವರ್ಷ ಮುಗಿದ ಕೂಡಲೇ ಹಾಕಿದೆ, ಅದೂ ತಡವಾಗಿ, ಸೆಪ್ಟೆಂಬರ್‌ನಲ್ಲಿ. ಮೇ ತಿಂಗಳಲ್ಲಿ ಅರ್ಜಿ ತೆರೆಯುತ್ತೆ, ಬಹಳಷ್ಟು ಸ್ಕೂಲ್‌ಗಳು ಬಂದಹಾಗೆ ಓದಿ ಇಂಟರ್‌ವ್ಯೂಗೆ ಕರೀತಾ ಹೋಗ್ತವೆ. ಸೆಪ್ಟೆಂಬರ್‌ಗೆ ಸಾಲಿನ ತುದಿ. ಅವಸರ ಮಾಡಿದ್ದು ನಾನೇ, ಜೊತೆಯವರೆಲ್ಲ ಹಾಕ್ತಿದಾರೆ ಅಂತ. ಪ್ರತಿ ವರ್ಷ ಅರ್ಜಿ ಹಾಕಿದವರಲ್ಲಿ ಎಂಡಿ ಸ್ಕೂಲ್ ಸೇರೋರು ಅರ್ಧಕ್ಕಿಂತ ಕಡಿಮೆ, ಸೇರಿದವರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಡಿಗ್ರಿ ಆದಮೇಲೆ ಒಂದು ವರ್ಷವಾದರೂ ಬಿಟ್ಟು ಬಂದವರು. ಮೂರನೇ ವರ್ಷ ಬಯೋಕೆಮಿಸ್ಟ್ರಿ, ಅದರ ನಂತರದ ಬೇಸಿಗೆಯಲ್ಲಿ ಅಥವಾ ನಾಲ್ಕನೇ ವರ್ಷದ ಜನವರಿಯಲ್ಲಿ ಎಂಕ್ಯಾಟ್, ಡಿಗ್ರಿ ಮುಗೀತಿದ್ದಹಾಗೆ ಜೂನ್ ಮೊದಲ ವಾರ ಅರ್ಜಿ. ನನ್ನ ತಂಗಿ ಆಗಿದ್ದರೂ ಇದನ್ನೇ ಹೇಳ್ತಿದ್ದೆ.

ಇಬ್ಬರ ಅಮ್ಮ:

ಮಗಳೇ, ನಿಮ್ಮ ಅಪ್ಪನ ಜಾಗದಲ್ಲಿ ನಾನಿದ್ದೆ. ದೊಡ್ಡ ಮಗನಿಗೆ ಎರಡನೇ ವರ್ಷದ ಬೇಸಿಗೆಯಲ್ಲಿ ನಾನೇ ಹಠ ಹಿಡಿದು ಎಂಕ್ಯಾಟ್ ಬರೆಸಿದೆ. 497 ಬಂತು. ಎರಡು ವರ್ಷ ಬಿಟ್ಟು ತಯಾರಾಗಿ ಬರೆದಾಗ 511. ಸೀಟೂ ಸಿಕ್ತು, ಆದರೆ ಇಂಟರ್‌ವ್ಯೂನಲ್ಲಿ ಆ 497ರ ಬಗ್ಗೆ ಕೇಳಿದರಂತೆ. ಅಮ್ಮ ಬರೆಸಿದರು ಅಂತ ಅವನು ಹೇಳಲಿಲ್ಲ, ಅವಸರ ಮಾಡಿದೆ ಅಂದನಂತೆ. ಆ ಮಾತು ಇವತ್ತಿಗೂ ನನ್ನ ಹೊಟ್ಟೆಯಲ್ಲಿ ಕೂತಿದೆ. ಈ ಉತ್ತರವನ್ನ ಅಪ್ಪನಿಗೆ ಓದಿ ಹೇಳು. ಹಾಗೇ ನಿಮ್ಮ ರಾಜ್ಯದ ಸರ್ಕಾರಿ ಮೆಡಿಕಲ್ ಸ್ಕೂಲ್‌ಗಳನ್ನ ಪಟ್ಟಿಯ ಮೊದಲಲ್ಲಿ ಇಟ್ಕೋ, ಬಹಳಷ್ಟು ಕಡೆ ಆ ರಾಜ್ಯದವರಿಗೆ ಆದ್ಯತೆ ಇರುತ್ತೆ.

ಗುಲಗಂಜಿ:

ನಡುವೆ ಒಂದು ಪ್ರಶ್ನೆ. ನಾನು ಎಫ್-1, ಅಂದರೆ ವಿದ್ಯಾರ್ಥಿ ವೀಸಾ. ನನಗೂ ಇದೇ ದಾರಿನಾ?

ನೈಟ್‌ಶಿಫ್ಟ್:

ಗುಲಗಂಜಿ, ಕೋರ್ಸು, ಪರೀಕ್ಷೆ ಎಲ್ಲಾ ಅದೇ. ಆದರೆ ಎಫ್-1 ಇರೋರನ್ನ ತಗೊಳ್ಳೋ ಸ್ಕೂಲ್‌ಗಳು ಕಡಿಮೆ, ಕೆಲವು ಕಡೆ ವರ್ಷಗಟ್ಟಲೆ ಫೀಸಿನ ಹಣ ಮೊದಲೇ ಠೇವಣಿ ಇಡು ಅಂತಾರೆ, ಫೆಡರಲ್ ಸಾಲವೂ ಸಿಗಲ್ಲ. ಎಂಸಾರ್ ಅನ್ನೋ ಎಎಎಂಸಿಯ ಸ್ಕೂಲ್ ಪಟ್ಟಿಯಲ್ಲಿ ಪ್ರತಿ ಸ್ಕೂಲಿನ ಪುಟದಲ್ಲೂ ವಿದೇಶಿ ವಿದ್ಯಾರ್ಥಿಗಳ ವಿಷಯ ಇರುತ್ತೆ, ಒಂದೊಂದಾಗಿ ನೋಡಿ ಪಟ್ಟಿ ಮಾಡ್ಕೊಳ್ಳಿ. ಕ್ಯಾಂಪಸ್ ಹೊರಗೆ ಸಂಬಳದ ಕೆಲಸಕ್ಕೆ ಕೈ ಹಾಕೋ ಮೊದಲು ಇಂಟರ್‌ನ್ಯಾಷನಲ್ ಆಫೀಸಿನಲ್ಲಿ ಕೇಳಲೇಬೇಕು.

ಕಾಲುದಾರಿ:

ನಾನು ಪಿಎ, ಅಂದರೆ ಫಿಸಿಷಿಯನ್ ಅಸಿಸ್ಟೆಂಟ್ ಓದ್ತಿದೀನಿ. ಡಾಕ್ಟರ್ ಬೇಡ ಅಂತ ಹೇಳೋಕೆ ಬಂದಿಲ್ಲ, ಆದರೆ ಕೆಲಸ ಹಿಡಿಯೋ ಮೊದಲು ಒಂದು ಮಾತು. ಪಿಎ ಪ್ರೋಗ್ರಾಂಗಳು ರೋಗಿಯ ಆರೈಕೆಯನ್ನ ನೇರವಾಗಿ ಮಾಡಿದ ಗಂಟೆ ಬೇರೆ, ಆಸ್ಪತ್ರೆಯಲ್ಲಿ ಇದ್ದ ಗಂಟೆ ಬೇರೆ ಅಂತ ಎಣಿಸ್ತವೆ. ಸಿಎನ್‌ಎ, ಇಎಂಟಿ (ಆಂಬುಲೆನ್ಸ್ ಸಿಬ್ಬಂದಿ) ಮೊದಲನೇದಕ್ಕೆ ಬರುತ್ತೆ. ಡಾಕ್ಟರ್ ಪಕ್ಕ ನಿಂತು ಟೈಪ್ ಮಾಡೋ ಸ್ಕ್ರೈಬ್ ಕೆಲಸವನ್ನ ಹಲವು ಕಡೆ ಎರಡನೇದಕ್ಕೆ ಹಾಕ್ತಾರೆ. ನನ್ನ ಒಂದು ವರ್ಷದ ಸ್ಕ್ರೈಬ್ ಗಂಟೆ ನಾನು ಬಯಸಿದ ಎರಡು ಕಡೆ ಲೆಕ್ಕಕ್ಕೇ ಬರಲಿಲ್ಲ. ಸಿಎನ್‌ಎ ಮಾಡಿದರೆ ನಾಳೆ ಮನಸ್ಸು ಬದಲಾದರೂ ಆ ಗಂಟೆ ನಿಮ್ಮ ಜೊತೆ ಬರುತ್ತೆ. ಡೆಂಟಲ್, ಆಪ್ಟೋಮೆಟ್ರಿ ಅಂದರೆ ಪರೀಕ್ಷೆಯೇ ಬೇರೆ, ಫಾರ್ಮಸಿಗೆ ಇದ್ದ ಪಿಕ್ಯಾಟ್ 2024ರಲ್ಲಿ ನಿಂತೇಹೋಯ್ತು.

ಎರಡನೇ ವರ್ಷದವಳು:

ಅಕ್ಕ, ಎರಡು ಸಲ ಓದಿದೆ. ಆಂಟಿ ಬರೆದದ್ದನ್ನ ಅಪ್ಪನಿಗೆ ಫೋನಿನಲ್ಲಿ ಓದಿ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಆ ಪ್ರಾಕ್ಟೀಸ್ ಪರೀಕ್ಷೆ ಬರೆಯೋ ದಿನ ಮನೆಗೆ ಬಾ, ಟಿವಿ ಹಾಕಲ್ಲ" ಅಂದರು. ಸೋಶಿಯಾಲಜಿ ಇನ್ನೂ ಮಾಡಿಲ್ಲ, ಸೈಕಾಲಜಿ ಆಗಿದೆ.

ನಿನ್ನೆ ರಾತ್ರಿ ಖಾಲಿ ಹಾಳೆ ಇಟ್ಕೊಂಡು ಇ1 ಅನ್ನೋ ರಿಯಾಕ್ಷನ್ ಬರೆಯೋಕೆ ಕೂತೆ. ಎರಡನೇ ಬಾಣಕ್ಕೇ ಪೆನ್ ನಿಂತುಹೋಯ್ತು. ಹಾಳೆಯನ್ನ ಹಾಗೇ ಇಟ್ಟಿದೀನಿ, ನಾಳೆ ಹನ್ನೊಂದಕ್ಕೆ ಪ್ರೊಫೆಸರ್ ಆಫೀಸ್ ಅವರ್, ಅದನ್ನೂ ಫೈನಲ್ ಪೇಪರನ್ನೂ ತಗೊಂಡು ಹೋಗ್ತೀನಿ. ಸಿಎನ್‌ಎ ಕ್ಲಾಸ್ ಕಮ್ಯುನಿಟಿ ಕಾಲೇಜಿನಲ್ಲಿ ಮೇ ತಿಂಗಳಿಂದ ಇದೆಯಂತೆ, ಫಾರ್ಮ್ ತುಂಬ್ತಿದೀನಿ. ಅದಕ್ಕೆ ಟಿಬಿ ಟೆಸ್ಟ್ ಕೇಳಿದಾರೆ. ಕ್ಯಾಂಪಸ್ ಹೆಲ್ತ್ ಸೆಂಟರ್‌ನಲ್ಲಿ ಮಾಡಿಸಿದ್ದು ನಡೆಯುತ್ತಾ, ಅಕ್ಕ?

ನೈಟ್‌ಶಿಫ್ಟ್:

ನನಗೆ ನಡೀತು. ಫಲಿತಾಂಶದ ಮೇಲೆ ತಾರೀಕು, ಸಹಿ ಎರಡೂ ಹಾಕಿಸ್ಕೋ, ನಕಲು ಒಂದು ಇಟ್ಕೋ. ಹೆಪಟೈಟಿಸ್ ಬಿ ಲಸಿಕೆಯ ದಾಖಲೆಯನ್ನೂ ಹುಡುಕಿಡು, ಮುಂದೆ ಕೇಳ್ತಾರೆ. ಪ್ರೊಫೆಸರ್ ಏನಂದರು ಅಂತ ನಾಳೆ ಇಲ್ಲೇ ಬರಿ.