ಫೋರ್ಕ್‌ಗೆ ಕವೆ ಅನ್ನಬಹುದೇ? ಡ್ರೈವ್‌ಟ್ರೈನ್‌ಗೆ ಏನು? (ಶನಿವಾರದೊಳಗೆ ಬೇಕು)

ಉಡುಪಿಯಿಂದ, ಬುಧವಾರ ಬೆಳಿಗ್ಗೆ

ನಮಸ್ಕಾರ. ಸ್ವಲ್ಪ ಅರ್ಜೆಂಟು. ತಮ್ಮನ ಸೈಕಲ್ ಅಂಗಡಿಗೆ ದರಪಟ್ಟಿಯ ಬೋರ್ಡು ಬರೆಸುತ್ತಿದ್ದೇವೆ. ಶನಿವಾರ ಪೇಂಟರ್ ಬರುತ್ತಾರೆ. ಪಂಕ್ಚರ್, ಬ್ರೇಕ್, ಕಡ್ಡಿ ಬಿಗಿ ಮಾಡುವುದು, ಇವೆಲ್ಲ ಆಯಿತು. ಸಿಕ್ಕಿಹಾಕಿಕೊಂಡದ್ದು ಹಳೆಯ ಮೌಂಟೇನ್ ಬೈಕಿನ ಕೆಲಸದಲ್ಲಿ. ಹತ್ತು ಹದಿನೈದು ವರ್ಷದ ಸೈಕಲ್ ತಂದು "ಫೋರ್ಕ್ ಬದಲಿಸಿ, ಡ್ರೈವ್‌ಟ್ರೈನ್ ಹೊಸದು ಹಾಕಿ" ಅನ್ನುವವರು ಮಣಿಪಾಲದ ಕಡೆಯಿಂದ ಜಾಸ್ತಿ. ಫೋರ್ಕ್ ಅಂದರೆ ಮುಂದಿನ ಚಕ್ರವನ್ನು ಎರಡೂ ಕಡೆಯಿಂದ ಹಿಡಿಯುವ ಭಾಗ. ಡ್ರೈವ್‌ಟ್ರೈನ್ ಅಂದರೆ ಚೈನು, ಗೇರು, ಹಲ್ಲುಚಕ್ರ ಎಲ್ಲ ಸೇರಿ. ಫೋನಿನ ಅನುವಾದದಲ್ಲಿ ಹಾಕಿ ನೋಡಿದೆ, ಫೋರ್ಕ್‌ಗೆ ಮುಳ್ಳುಚಮಚ ಬಂತು.

ಇನ್ನೊಂದು ಕೇಳಬೇಕು. ಹಿಂದಿನ ಚಕ್ರದ ಹಲ್ಲುಗಳ ಸೆಟ್ಟಿಗೆ ಇಲ್ಲಿ ಎಲ್ಲರೂ ಫ್ರೀವೀಲ್ ಅನ್ನುತ್ತಾರೆ. ಕ್ಯಾಸೆಟ್‌ಗೂ ಅದೇ ಮಾತು. ಕಳೆದ ತಿಂಗಳು ಒಬ್ಬರು ಫೋನಿನಲ್ಲಿ "ಏಳು ಗೇರಿನ ಫ್ರೀವೀಲ್ ತರಿಸಿಡಿ" ಅಂದರು. ತಮ್ಮ ಕ್ಯಾಸೆಟ್ ತರಿಸಿಟ್ಟ. ಅವರ ಸೈಕಲ್ಲಿನ ಹಬ್ಬಿಗೆ (ಚಕ್ರದ ನಡುವಿನ ಭಾಗಕ್ಕೆ) ಅದು ಕೂರಲೇ ಇಲ್ಲ. ಎರಡಕ್ಕೂ ಬೇರೆ ಬೇರೆ ಪದ ಬೇಕು, ಅಲ್ವಾ?

ಮೈಸೂರಿನಿಂದ, ಬುಧವಾರ ಮಧ್ಯಾಹ್ನ

ಫೋರ್ಕ್: ಕವೆ. ಇದರಲ್ಲಿ ಚರ್ಚಿಸಲು ಏನೂ ಇಲ್ಲ. ಕವಲು, ಕವೆ, ತಮಿಳಿನ ಕವೈ, ಮಲಯಾಳದ ಕವಲ, ಎಲ್ಲ ಒಂದೇ ಬೇರು. ಒಂದು ಎರಡಾಗಿ ಒಡೆಯುವುದು. ಸೈಕಲ್ಲಿನ ಫೋರ್ಕ್ ಮಾಡುವುದೂ ಅಷ್ಟೇ. ಕಿಟೆಲ್ ನಿಘಂಟು 1894ರಲ್ಲಿ ಅಚ್ಚಾದದ್ದು ನಿಮ್ಮ ಮಂಗಳೂರಿನ ಬಾಸೆಲ್ ಮಿಶನ್ನಿನಲ್ಲೇ. ಕೈಗೆ ಸಿಗುವಷ್ಟು ಹತ್ತಿರ ಇಟ್ಟುಕೊಂಡು ಇಂಗ್ಲಿಷ್ ಪದಕ್ಕೆ ಕೈ ಚಾಚುವುದು ಯಾಕೆ?

ಡ್ರೈವ್‌ಟ್ರೈನ್: ಓಡಿಸುಸಾಲು. ಡಿರೇಲರ್ (ಚೈನನ್ನು ಒಂದು ಹಲ್ಲುಚಕ್ರದಿಂದ ಇನ್ನೊಂದಕ್ಕೆ ದಾಟಿಸುವ ಭಾಗ) ಫ್ರೆಂಚ್ ಮಾತು, ಹಳಿ ತಪ್ಪಿಸುವುದು ಅಂತ ಅರ್ಥ. ಹಾಗಾಗಿ ಹಳಿತಪ್ಪಿಸಿಗ. ಫ್ರೀವೀಲ್: ಬಿಡಿಗಾಲಿ.

ಧಾರವಾಡದಿಂದ, ಬುಧವಾರ ಸಂಜೆ

ಧಾತುವಿಗೆ "ಇಗ" ಹತ್ತುವುದಿಲ್ಲ. ಅದು ನಾಮಪದಕ್ಕೆ: ಲೆಕ್ಕಿಗ, ಕನ್ನಡಿಗ. ಧಾತುವಿಗೆ "ಉಕ". ಪದ ಕಟ್ಟುವ ಮೊದಲು ಇಷ್ಟಾದರೂ ನೋಡಬೇಕು. ಡ್ರೈವ್‌ಟ್ರೈನ್‌ಗೆ ಚಾಲನವ್ಯೂಹ ಸಾಕು.

ಮಂಗಳೂರಿನಿಂದ, ಗುರುವಾರ

ಚಾಲನವ್ಯೂಹ ಬೇಡ. ಅದನ್ನು ಓದಿದವರು ಅಂಗಡಿ ದಾಟಿ ಮುಂದೆ ಹೋಗುತ್ತಾರೆ. "ಉಕ"ವೂ ಬೇಡ. ಕುಡುಕ, ತಿರುಕ, ಹರುಕ, ಮುರುಕ. ಆ ಪ್ರತ್ಯಯ ಹಚ್ಚಿದರೆ ಹೊಸ ಸಾಮಾನು ಕೂಡ ಕೆಟ್ಟುಹೋದ ಹಾಗೆ ಕೇಳುತ್ತದೆ.

ನಾನು ಇಪ್ಪತ್ತು ವರ್ಷದಿಂದ ಸೈಕಲ್ ತುಳಿಯುವವನು. ಹಳೆಯ ಸೈಕಲ್ಲಿಗೆ ಇದೇ ಕೆಲಸ ಮಾಡಿಸಿದ್ದೇನೆ. ಉಡುಪಿಯವರು ಕೇಳಿದ ಎರಡನೆಯ ಪ್ರಶ್ನೆಯೇ ದೊಡ್ಡದು. ಅದಕ್ಕೆ ಯಾರೂ ಸರಿಯಾಗಿ ಉತ್ತರ ಕೊಡಲಿಲ್ಲ.

ತುಳಿಯುವುದು ನಿಲ್ಲಿಸಿದರೂ ಚಕ್ರ ಸುಮ್ನೆ ತಿರುಗುತ್ತಾ ಇರುತ್ತದಲ್ಲ, ಟಿಕ್ ಟಿಕ್ ಅನ್ನುತ್ತಾ? ಆ ಕೆಲಸದಿಂದಲೇ ಫ್ರೀವೀಲ್ ಅನ್ನುವ ಹೆಸರು. ಹಳೆಯ ಬಗೆಯಲ್ಲಿ ಟಿಕ್ ಟಿಕ್ ಅನ್ನುವ ಭಾಗ ಹಲ್ಲುಗಳ ಒಳಗೇ ಇರುತ್ತದೆ. ಇಡೀ ಸೆಟ್ಟು ತಿರುಪಿನ ಮೇಲೆ ತಿರುಗಿ ಹಬ್ಬಿಗೆ ಕೂರುತ್ತದೆ. ಕ್ಯಾಸೆಟ್‌ನಲ್ಲಿ ಆ ಭಾಗ ಹಬ್ಬಿಗೆ ಸೇರಿದ್ದು. ಕ್ಯಾಸೆಟ್ ಅಂದರೆ ಬರೀ ಹಲ್ಲುಚಕ್ರಗಳ ಕಟ್ಟು, ಗೀರುಗಳ ಮೇಲೆ ಜಾರಿಸಿ ಕೂರಿಸುವುದು. ಹಾಗಾಗಿ ಕ್ಯಾಸೆಟ್‌ಗೆ ಫ್ರೀವೀಲ್ ಅಂದರೆ ಅರ್ಥವೇ ತಪ್ಪು. ಮೈಸೂರಿನವರ ಬಿಡಿಗಾಲಿ ಹಾಕಿದರೂ ಅದೇ ತಪ್ಪು ಕನ್ನಡದಲ್ಲಿ ಆಗುತ್ತದೆ, ಅಷ್ಟೇ.

ಇದರಲ್ಲಿ ದುಡ್ಡಿನ ಮಾತೂ ಇದೆ. ಕ್ಯಾಸೆಟ್ ಹಬ್ಬು ಇದ್ದರೆ ಶಿಮಾನೊ ಕಂಪನಿಯ 8, 9, 10 ಗೇರಿನ ಕ್ಯಾಸೆಟ್ ಸಾಮಾನ್ಯವಾಗಿ ಅದಕ್ಕೇ ಕೂರುತ್ತದೆ. ಮುಂದೆ ಪೆಡಲಿನ ಹತ್ತಿರದ ಮೂರು ಹಲ್ಲುಚಕ್ರ ತೆಗೆದು 32 ಹಲ್ಲಿನ ಒಂದೇ ಹಾಕಿ, ಹಿಂದೆ 11ರಿಂದ 46 ಹಲ್ಲಿನದ್ದು ಹಾಕಿದರೆ ಆಗುಂಬೆ ಘಾಟಿಯನ್ನೂ ಕೂತೇ ಹತ್ತಬಹುದು. ಆದರೆ ತಿರುಪಿನ ಹಬ್ಬು ಇದ್ದರೆ ಮೊದಲು ಹಬ್ಬನ್ನೋ ಇಡೀ ಚಕ್ರವನ್ನೋ ಬದಲಿಸಬೇಕು. ಗಿರಾಕಿ ಬೋರ್ಡು ಓದುವಾಗಲೇ ಇದು ಗೊತ್ತಾಗಬೇಕು. "ಫ್ರೀವೀಲ್" ಮತ್ತು "ಕ್ಯಾಸೆಟ್" ಎರಡು ಬೇರೆ ಸಾಲು ಮಾಡಿ, ಬೇರೆ ದರ ಹಾಕಿ.

ಫೋರ್ಕ್ ಫೋರ್ಕ್ ಆಗಿಯೇ ಇರಲಿ. "ಶಾಕ್" ಅಂತ ಬರೆಯಬೇಡಿ. ಜನ ಹಾಗೆ ಅನ್ನುತ್ತಾರೆ, ನಿಜ. ಆದರೆ ಹಿಂದಿನ ಶಾಕ್ ಬೇರೆ ಇದೆ. ಕೆಲವರು ಸ್ಪ್ರಿಂಗ್ ಇಲ್ಲದ ಗಟ್ಟಿ ಫೋರ್ಕೇ ಬೇಕು ಅನ್ನುತ್ತಾರೆ. "ಮುಂದಿನ ಫೋರ್ಕ್ (ಸ್ಪ್ರಿಂಗ್ / ಗಾಳಿ / ಗಟ್ಟಿ)" ಅಂದರೆ ಎಲ್ಲ ಬಂತು. ಕೆಳಗೆ ಒಂದು ಸಾಲು ಸೇರಿಸಿ: "ಸೈಕಲ್ ನೋಡಿ ದರ ಹೇಳುತ್ತೇವೆ." ಹಳೆಯ ಫ್ರೇಮಿಗೆ ಮೇಲಿಂದ ಕೆಳಗೆ ಒಂದೇ ದಪ್ಪದ, 28.6 ಮಿಲಿಮೀಟರಿನ ಕೊಳವೆಯ ಫೋರ್ಕ್ ಬೇಕು. ಈಗಿನವು ಹೆಚ್ಚಾಗಿ ಬುಡದಲ್ಲಿ ಒಂದೂವರೆ ಇಂಚು ದಪ್ಪ. 26 ಇಂಚಿನ ಚಕ್ರಕ್ಕೆ ಸಿಗುವುದೂ ಕಡಿಮೆ. ಉದ್ದದ ಫೋರ್ಕ್ ಹಾಕಿದರೆ ಮೂತಿ ಮೇಲೆದ್ದು ಹ್ಯಾಂಡಲ್ ಸಡಿಲ ಅನಿಸುತ್ತದೆ.

ಡ್ರೈವ್‌ಟ್ರೈನ್‌ಗೆ ಪದ ಕಟ್ಟುವುದೇ ಬೇಡ. ಬೈಕ್ ಗ್ಯಾರೇಜಿನಲ್ಲಿ "ಚೈನ್ ಸ್ಪ್ರಾಕೆಟ್ ಸೆಟ್" ಅನ್ನುವುದು ಎಲ್ಲರಿಗೂ ಗೊತ್ತು. ಅದೇ ದಾರಿಯಲ್ಲಿ "ಚೈನ್-ಗೇರ್ ಸೆಟ್".

ಮೈಸೂರಿನಿಂದ, ಗುರುವಾರ ರಾತ್ರಿ

ಕ್ಯಾಸೆಟ್ ವಿಷಯ ಒಪ್ಪಿದೆ. ಉಳಿದದ್ದು ಒಪ್ಪುವುದಿಲ್ಲ. ಮೂರು ಇಂಗ್ಲಿಷ್ ಪದ ಸೇರಿಸಿ ನಡುವೆ ಗೀಟು ಹಾಕಿದರೆ ಕನ್ನಡ ಆಗುವುದಿಲ್ಲ. ನಾಳೆ ಚಕ್ರಕ್ಕೂ ವೀಲ್ ಅನ್ನಿ.

ಮಂಗಳೂರಿನಿಂದ, ಶುಕ್ರವಾರ ಬೆಳಿಗ್ಗೆ

ಚಕ್ರ ಸಂಸ್ಕೃತದ್ದು ಮಾರಾಯ್ರೆ. ಈ ಕೆಲಸ ಮಾಡುವ ಮೇಸ್ತ್ರಿ ಪೋರ್ಚುಗೀಸಿನವನು. ನಮ್ಮಲ್ಲಿ ಚಾವಿ, ಬಾಲ್ದಿ, ಬಟಾಟೆ, ಎಲ್ಲವೂ ಅಲ್ಲಿಂದ ಬಂದವು. ಅವನ್ನು ಆಡುವಾಗ ನಮ್ಮ ಕನ್ನಡ ಕಡಿಮೆಯಾಯಿತು ಅಂತ ಯಾರಿಗೂ ಅನಿಸುವುದಿಲ್ಲ.

ಮೈಸೂರಿನಿಂದ, ಶುಕ್ರವಾರ

ನಿಮ್ಮ ಪಟ್ಟಿ ನನಗೂ ಗೊತ್ತು. ಬಟಾಟೆಯ ಜೊತೆ ಬಟಾಟೆ ಅನ್ನುವ ಪದ ಬಂತು. ಅದು ಸರಿ. ನನ್ನ ನೋವು ಬೇರೆ. ಗಾಡಿಯ ಅಚ್ಚಿಗೆ ಹಾಕುವುದಕ್ಕೆ ಕೀಲೆಣ್ಣೆ ಅನ್ನುವ ಪದ ಇತ್ತು. ನಮ್ಮ ಅಜ್ಜ ಅದನ್ನೇ ಆಡುತ್ತಿದ್ದರು. ಗ್ರೀಸ್ ಬಂತು, ಕೀಲೆಣ್ಣೆ ಹೋಯಿತು. ವಸ್ತು ಇಲ್ಲೇ ಇತ್ತು, ಪದವೂ ಇತ್ತು. ಇಂಥ ಕಡೆ ಜಗಳ ಮಾಡಲೇಬೇಕು. ರಬ್ಬರ್ ಬಿಲ್ಲು ಮಾಡುವ ಹುಡುಗ ಇವತ್ತಿಗೂ ಮರದಲ್ಲಿ ಕವೆ ಹುಡುಕುತ್ತಾನೆ. ಅವನಿಗೆ ಗೊತ್ತಿರುವ ಪದವನ್ನು ಬೋರ್ಡಿನ ಮೇಲೆ ಹಾಕಲು ನಿಮಗೆ ಯಾಕೆ ಸಂಕೋಚ?

ಮಂಗಳೂರಿನಿಂದ, ಶುಕ್ರವಾರ

ಕೀಲೆಣ್ಣೆಯ ಮಾತು ನಿಜ. ಅದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ. ಕವೆ ಬೋರ್ಡಿಗೆ ಬೇಡ ಅನ್ನುವುದನ್ನು ಮಾತ್ರ ಬಿಡುವುದಿಲ್ಲ. ಗಿರಾಕಿ ನೆಟ್‌ನಲ್ಲಿ ಹುಡುಕುವುದು ಫೋರ್ಕ್, ಡಬ್ಬಿಯ ಮೇಲೆ ಇರುವುದು ಫೋರ್ಕ್.

ಉಡುಪಿಯಿಂದ, ಶುಕ್ರವಾರ ರಾತ್ರಿ

ಎಲ್ಲರಿಗೂ ವಂದನೆ. ತಮ್ಮನಿಗೆ ಪೂರ್ತಿ ಓದಿ ಹೇಳಿದೆ. ಬೋರ್ಡು ಹೀಗೆ:

ಮುಂದಿನ ಫೋರ್ಕ್ ಬದಲಿಸುವುದು (ಸ್ಪ್ರಿಂಗ್ / ಗಾಳಿ / ಗಟ್ಟಿ)
ಚೈನ್-ಗೇರ್ ಸೆಟ್ ಪೂರ್ತಿ ಬದಲಿಸುವುದು
ಫ್ರೀವೀಲ್ (ತಿರುಪಿನದು)
ಕ್ಯಾಸೆಟ್ (ಜಾರಿಸಿ ಕೂರಿಸುವುದು)
ಹಬ್ಬು ಬಿಚ್ಚಿ ಕೀಲೆಣ್ಣೆ ಹಾಕುವುದು

ಕೊನೆಯ ಸಾಲು ಮೈಸೂರಿನ ಸರ್ ಅವರಿಗೆ. ನಮ್ಮ ಮೇಸ್ತ್ರಿಗೆ ಅರವತ್ತು ದಾಟಿದೆ. ಪದ ಕೇಳಿದ ಕೂಡಲೇ ಗ್ರೀಸ್ ಡಬ್ಬಿಯ ಕಡೆ ಕೈ ತೋರಿಸಿದರು.

ಮಂಗಳೂರಿನಿಂದ, ಶುಕ್ರವಾರ ರಾತ್ರಿ

ಚೆಂದ ಇದೆ. ಒಂದೇ ಮಾತು. ಪೇಂಟರ್‌ಗೆ ಬಾಯಲ್ಲಿ ಹೇಳಬೇಡಿ, ಬರೆದು ಕೊಡಿ. ಫ ಅಕ್ಷರದ ಹೊಟ್ಟೆ ಸೀಳುವುದನ್ನು ಮರೆತರೆ ಅದು ಪೋರ್ಕ್ ಆಗುತ್ತದೆ. ನಮ್ಮ ಊರಿನಲ್ಲಿ ಆ ಪದವನ್ನು ಜನ ಬೇರೆ ಅಂಗಡಿಯ ಬೋರ್ಡಿನಲ್ಲಿ ಓದಿ ಅಭ್ಯಾಸ.