ಮನೆಯಲ್ಲೇ ಮಾಡಿದ ಕಾಡಿನ ದಾಳದಾಟ: ಮಂಗಟ್ಟೆ ಸಾಲು ತುಂಬೋದೇ ಇಲ್ಲ, ಏನು ಮಾಡಲಿ?

ಕಾಡುದಾರಿ:
ವಾರಕ್ಕೊಮ್ಮೆ ರಾತ್ರಿ ಊಟ ಆದ ಮೇಲೆ ಮನೆಯವರೆಲ್ಲ ಕೂತು ಆಡೋಕೆ ಅಂತ ಒಂದು ಆಟ ಮಾಡಿದ್ದೇನೆ. ದಾಳ ಉರುಳಿಸಿ ಹಾಳೆ ಮೇಲೆ ಗೀಚುವಂಥದ್ದು. ಎ4 ಹಾಳೆಯಲ್ಲಿ 2ರಿಂದ 12ರವರೆಗೆ 11 ಸಾಲು, ಪ್ರತಿ ಸಾಲಿಗೂ ಪಶ್ಚಿಮ ಘಟ್ಟದ ಒಂದು ಪ್ರಾಣಿಯೋ ಹಕ್ಕಿಯೋ ಗಿಡವೋ, ಸಾಲಿಗೆ 5 ಮನೆ. ಎರಡು ದಾಳದ ಮೊತ್ತ ಎಷ್ಟು ಬಂತೋ ಆ ಸಾಲಿನಲ್ಲಿ ಎಲ್ಲರೂ ಒಂದು ಮನೆ ಗೀಚಬೇಕು. ಸಾಲು ತುಂಬಿದಾಗ ಮೊದಲು ಕೂಗಿದವರಿಗೆ ಅಂಕ.

7ರ ಬಿದಿರು ಬೇಗ ತುಂಬಿಬಿಡುತ್ತೆ. 2ರ ಸಿಂಗಳೀಕ, 12ರ ಮಂಗಟ್ಟೆ ಮಾತ್ರ ಖಾಲಿ ಖಾಲಿ. ದಾಳ ಬದಲಾಯಿಸಿದರೂ ಅಷ್ಟೇ. ಎಲ್ಲರ ಹಾಳೆಯೂ ಒಂದೇ ಥರ ಕಾಣುತ್ತೆ, ಗಂಟಲು ಜೋರಿದ್ದವರೇ ಗೆಲ್ತಾರೆ, ಚಿಕ್ಕವಳು ಮುನಿಸಿಕೊಂಡು ಎದ್ದು ಹೋಗ್ತಾಳೆ. ಇನ್ನೊಂದು, ಲ್ಯಾಮಿನೇಟ್ ಮಾಡಿಸಿದ ಹಾಳೆ ಮೇಲೆ ಯಾರೋ ಪರ್ಮನೆಂಟ್ ಮಾರ್ಕರ್‌ನಲ್ಲಿ ಬರೆದಿದ್ದಾರೆ. ಅದು ಹೋಗುತ್ತಾ?

ಮೂರುದಾಳ:
ದಾಳದ್ದೇನೂ ತಪ್ಪಿಲ್ಲ. ಎರಡು ದಾಳ ಬೀಳುವ 36 ಬಗೆಯಲ್ಲಿ 7 ಬರೋದು 6 ಬಗೆಯಲ್ಲಿ, 12 ಬರೋದು ಒಂದೇ ಒಂದರಲ್ಲಿ. ಮಂಗಟ್ಟೆಯ 5 ಮನೆ ತುಂಬಬೇಕಂದ್ರೆ ಸರಾಸರಿ 180 ಸಲ ಉರುಳಿಸಬೇಕು. ಅಷ್ಟು ಹೊತ್ತು ಯಾರು ಕೂರ್ತಾರೆ ಹೇಳಿ.

ಆದರೆ ನಿಜವಾದ ತೊಂದರೆ ಅದಲ್ಲ ಅನ್ಸುತ್ತೆ. ನಿಮ್ಮ ಆಟದಲ್ಲಿ ಆಡುವವರು ಆರಿಸಿಕೊಳ್ಳೋಕೆ ಏನೂ ಇಲ್ಲ. ಬಂದ ನಂಬರ್ ಹೊಡೀತಾ ಹೋಗೋದು, ಅಂದ್ರೆ ತಂಬೋಲ. ಮೂರು ದಾಳ ಉರುಳಿಸಿ. ಅದರಲ್ಲಿ ಯಾವ ಎರಡನ್ನು ಕೂಡಿಸಬೇಕು ಅನ್ನೋದು ಅವರವರ ಇಷ್ಟ. 6, 6, 1 ಬಿತ್ತು ಅಂದುಕೊಳ್ಳಿ. ಒಬ್ಬರು 12 ಮಾಡಿ ಮಂಗಟ್ಟೆ ಹಿಡೀತಾರೆ, ಇನ್ನೊಬ್ಬರು 7 ಮಾಡಿ ಬಿದಿರು ಮುಗಿಸ್ತಾರೆ. ಹಾಳೆಗಳು ಆಗಲೇ ಬೇರೆ ಆದವು ಅಲ್ವಾ? 12 ಸಿಗುವ ಸಾಧ್ಯತೆಯೂ ಸುಮಾರು ಶೇ. 2.8ರಿಂದ ಶೇ. 7.4ಕ್ಕೆ ಏರುತ್ತೆ.

ಮನೆಗಳನ್ನೂ ಸಮನಾಗಿ ಹಂಚಬೇಡಿ. 2ಕ್ಕೂ 12ಕ್ಕೂ ಒಂದೊಂದು, 3ಕ್ಕೂ 11ಕ್ಕೂ ಎರಡೆರಡು, ಹೀಗೇ ಏರಿಸುತ್ತಾ 7ಕ್ಕೆ 6 ಕೊಡಿ. ಒಟ್ಟು 36 ಮನೆ ಆಯ್ತು. ಆಟ 20 ಸುತ್ತಿಗೆ ನಿಲ್ಲಿಸಿದರೆ ಯಾರಿಗೂ ಎಲ್ಲ ತುಂಬೋಕಾಗಲ್ಲ, ಯಾವ ಸಾಲು ಕೈಬಿಡೋದು ಅಂತ ತಲೆ ಕೆರೆದುಕೊಳ್ಳಲೇಬೇಕು. ಕಾಡಿನಲ್ಲೂ ಬಿದಿರು ಕಂಡಷ್ಟು ಸುಲಭವಾಗಿ ಸಿಂಗಳೀಕ ಕಾಣಲ್ಲ, ಹಾಗಾಗಿ ಆ ಒಂದು ಮನೆಗೆ ಅಂಕ ಜಾಸ್ತಿ ಇಡಿ. ಕೂಗುವ ನಿಯಮ ದಯವಿಟ್ಟು ತೆಗೆದುಹಾಕಿ.

ಗೋಟಿಮನೆ:
ಮಾರ್ಕರ್ ವಿಷಯಕ್ಕೆ: ಆ ಗೆರೆ ಮೇಲೆಯೇ ವೈಟ್‌ಬೋರ್ಡ್ ಮಾರ್ಕರ್‌ನಿಂದ ದಪ್ಪಗೆ ಗೀಚಿ, ಒಣಗೋಕೆ ಮುಂಚೆ ಬಟ್ಟೆಯಿಂದ ಒರೆಸಿ. ಹೊಸ ಇಂಕಿನ ದ್ರಾವಕ ಹಳೆಯದನ್ನೂ ಕರಗಿಸಿಕೊಂಡು ಬರುತ್ತೆ. ಉಳಿದ ಕಲೆಗೆ ಹತ್ತಿಯಲ್ಲಿ ಸ್ವಲ್ಪ ಸ್ಯಾನಿಟೈಸರ್. ಹೊಳಪಿನ ಲ್ಯಾಮಿನೇಶನ್ ಆದ್ರೆ ಹೋಗುತ್ತೆ, ಮ್ಯಾಟ್ ಆದ್ರೆ ಕಷ್ಟ.

ಆಟಕ್ಕೂ ಒಂದು ಮಾತು ಸೇರಿಸ್ತೀನಿ. ಮೂರು ದಾಳ ಇದ್ದರೂ ಕೆಲವು ಸಲ ಗೀಚೋಕೆ ಜಾಗ ಇರಲ್ಲ. 2012ರಲ್ಲಿ ಬಂದ ಕ್ವಿಕ್ಸ್ ಆಟದಲ್ಲಿ ತನ್ನ ಸರದಿಯಲ್ಲಿ ಏನೂ ಗೀಚದವರಿಗೆ 5 ಅಂಕ ಕಡಿತ, ಹಾಗೆ ಯಾರಿಗಾದರೂ 4 ಸಲ ಆದರೆ ಆಟವೇ ಮುಗೀತು. ನೀವು ಹಾಳೆಯ ಮೂಲೆಯಲ್ಲಿ 4 ಇಂಬಳ (ಕಾಡಿನ ಜಿಗಣೆ) ಬರೆದಿಡಿ. ಜಾಗ ಸಿಗದಿದ್ದರೆ ಒಂದು ಇಂಬಳ ಕಚ್ಚಿತು ಅಂತ ಲೆಕ್ಕ.

ಕಾಡುದಾರಿ:
ಮಾರ್ಕರ್ ಹೋಯ್ತು! ಮೂಲೆಯಲ್ಲಿ ತೆಳುವಾಗಿ ನೀಲಿ ಉಳಿದಿದೆ, ಪರವಾಗಿಲ್ಲ. ಇಂಬಳ ಅಂದ ತಕ್ಷಣ ಮಕ್ಕಳು ಚಿತ್ರ ಬರೆಯೋಕೆ ಕೂತಿದ್ದಾರೆ. ಮೂರು ದಾಳದಲ್ಲಿ ಇವತ್ತೇ ಆಡಿದ್ವಿ, ಚಿಕ್ಕವಳು ಕೊನೆವರೆಗೂ ಕೂತಿದ್ದಳು. ಬಳಸದೆ ಉಳಿಯುವ ಮೂರನೇ ದಾಳಕ್ಕೆ ಏನಾದ್ರೂ ಕೆಲಸ ಕೊಡಲಾ? 6 ಉಳಿದರೆ ಮಳೆ, ಹೀಗೆ?

ಮೂರುದಾಳ:
ಈಗಲೇ ಬೇಡ. ಸುಮ್ನೆ ನಿಯಮ ಜಾಸ್ತಿ ಆಗುತ್ತೆ, ಪ್ರತಿ ಸುತ್ತಿಗೂ ಅದನ್ನು ವಿವರಿಸ್ತಾ ಕೂರಬೇಕಾಗುತ್ತೆ. ಮಕ್ಕಳೇ ಬೇಸರವಾಯ್ತು ಅಂದಾಗ ಮಳೆ ತನ್ನಿ.